ತೋಫು ಸಮಾಚಾರ, ತಿದ್ದುಪಡಿ ಸಹಿತ

ತ್ಸುರುಓಕಾ
ಏಪ್ರಿಲ್ 12, 1993

ಚಿಗುಸಾ,

ಇತಿಹಾಸಕಾರರು ಲೇಖನಿ ಹಿಡಿದು ಸಿದ್ಧರಾಗಲಿ. ಇಂದು ಸೋಮವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕುರಾಮೊಚಿ ತೋಫು ಅಂಗಡಿಯವರು ಬೀದಿ ಬೀದಿ ಮಾರುವಾಗ ಊದುವ ಹಿತ್ತಾಳೆ ಕಹಳೆಗೆ ಹೊಸ ಬಾಯಿ ಕೂಡಿಸಲಾಯಿತು. ಹಳೆಯದನ್ನು ನಿನ್ನ ಅಜ್ಜ ಮೂವತ್ತು ವರ್ಷ, ನಾನು ಇಪ್ಪತ್ತೆಂಟು ವರ್ಷ ಕಚ್ಚಿ ಊದಿ ಸವೆಸಿದ್ದೆವು. ಹೊಸದರಲ್ಲಿ ಮೊದಲ ಸಲ ಊದುತ್ತ ಸೈಕಲ್ ಹತ್ತಿ ಹೊರಟಾಗ ಕ್ಷೌರದಂಗಡಿಯ ನಾಯಿ ಎದ್ದು ನಿಂತಿತು. ಗೌರವಕ್ಕೋ ಹೆದರಿಕೆಗೋ ಗೊತ್ತಾಗಲಿಲ್ಲ. ನಿನ್ನ ಚಿಕ್ಕಮ್ಮ ಮಾತ್ರ ಕಡಾಯಿಯಿಂದ ತಲೆ ಎತ್ತದೆ, "ದನಿ ಹೊಸದು, ಉಸಿರು ಹಳೇದೇ" ಅಂದಳು.

ಎರಡನೆಯ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ನಮ್ಮ ಫೋನು ಇರುವುದು ಗಲ್ಲಾಪೆಟ್ಟಿಗೆಯ ಪಕ್ಕ, ಗಲ್ಲಾಪೆಟ್ಟಿಗೆಯ ಪಕ್ಕ ಇರುವುದು ನಿನ್ನ ಚಿಕ್ಕಮ್ಮ.

ಫೆಬ್ರವರಿಯಲ್ಲಿ ನಿನ್ನ ಚಿಕ್ಕಮ್ಮ ಹಿಸಾನೊಳ ಎದೆಯಿಂದ ಒಂದು ಗಂಟು ತೆಗೆದದ್ದನ್ನು ನಿನ್ನ ಅಪ್ಪ ಹೇಳಿರಬೇಕು. ಆಪರೇಷನ್ ಆದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಅದು ಕ್ಯಾನ್ಸರ್ ಅಂದರು. ಆಮೇಲೆ, "ಪತ್ನಿಯವರಿಗೆ ಏನು ಅಂತ ಹೇಳೋಣ?" ಎಂದು ಕೇಳಿದರು, ಉಡುಗೊರೆಗೆ ಯಾವ ಬಣ್ಣದ ಕಾಗದ ಸುತ್ತೋಣ ಎಂದು ಅಂಗಡಿಯವರು ಕೇಳುವ ಹಾಗೆ. ನಮ್ಮ ಕಡೆ ರೋಗಿಗೆ ಯಾರು ಹೇಳುತ್ತಾರೆ? ನಿನ್ನ ಅಜ್ಜನನ್ನೂ ನಾವು ಹೊಟ್ಟೆಹುಣ್ಣು ಎಂದು ಕೊನೆಯವರೆಗೆ ನಂಬಿಸಿ ಕಳಿಸಿಕೊಟ್ಟೆವು. ಮುಂದೆ ಕೆಡಬಹುದಾಗಿದ್ದ ಗಂಟು, ಮೊದಲೇ ತೆಗೆದೆವು ಅಂತ ಹೇಳಿಬಿಡಿ ಅಂದೆ. ಹಾಗೇ ಹೇಳಿದರು.

ವರ್ಷಗಟ್ಟಲೆ ನುಂಗಲು ಒಂದು ಬಿಳಿ ಮಾತ್ರೆಯನ್ನೂ ಕೊಟ್ಟಿದ್ದಾರೆ, ದಿನಕ್ಕೊಂದು. ಬಸ್ಸಿನಲ್ಲಿ ಅವಳು, "ಇದ್ಯಾತಕ್ರೀ?" ಅಂದಳು. "ಮುಟ್ಟು ನಿಲ್ಲೋ ವಯಸ್ಸಿನ ಸೆಕೆಗೆ" ಅಂತ ಬಾಯಿಗೆ ಬಂದದ್ದು ಹೇಳಿದೆ. "ನನಗೆ ಸೆಕೆನೇ ಇಲ್ವಲ್ಲ" ಅಂದಳು. "ಬರುತ್ತೆ, ಅದಕ್ಕೆ ಮುಂಚೆನೇ" ಅಂದೆ. ಆಶ್ಚರ್ಯ ಏನೆಂದರೆ ಮುಂದಿನ ತಿಂಗಳು ನಿಜವಾಗಿಯೂ ಬಂತು. ಹಿಮ ಬೀಳುವಾಗ ಅಂಗಿ ಗುಂಡಿ ಬಿಚ್ಚಿ ಬೀಸಣಿಗೆ ಹಿಡಿದು ಕೂರುತ್ತಾಳೆ. "ಆ ಡಾಕ್ಟ್ರು ಜ್ಞಾನಿ ಕಣ್ರೀ, ಮೊದಲೇ ಕಂಡಿದ್ರು" ಅನ್ನುತ್ತಾಳೆ. ನಾನು ತಲೆ ಆಡಿಸುತ್ತೇನೆ.

ಈಗ ನನ್ನ ಪ್ರಶ್ನೆ. ಹೊಸವರ್ಷದ ಕಾರ್ಡಿನಲ್ಲಿ ನೀನು, ಸೋಯಾ ಕಾಳಿನ ಸಾರ ಎದೆಯ ಕ್ಯಾನ್ಸರನ್ನು ತಡೆಯುತ್ತದೆ ಎಂದು ಎರಡು ಸಾಲು ಬರೆದಿದ್ದೆ. ನಿಜವೇ? ಆ ಕಾಳಿನ ಹಾಲು ಒಡೆಸಿ ಗಟ್ಟಿ ಮಾಡಿದ್ದೇ ತೋಫು ತಾನೇ ಎಂದು ನಾನು ಅವಳಿಗೆ ಬೆಳಿಗ್ಗೆ ಮಿಸೊ ಸಾರಿನಲ್ಲಿ ತೋಫು, ಮಧ್ಯಾಹ್ನ ಕರಿದ ತೋಫು, ರಾತ್ರಿ ತಣ್ಣನೆಯ ತೋಫು ತಿನ್ನಿಸುತ್ತಿದ್ದೇನೆ. "ಅಂಗಡೀಲಿ ಮಾರಾಟ ಆಗ್ಲಿಲ್ವಾ?" ಅನ್ನುತ್ತಾಳೆ.

ಉತ್ತರವನ್ನು ತೋಫು ತಯಾರಕರ ಸಂಘದ ಕಚೇರಿಗೆ ಹಾಕು. ಅಲ್ಲಿನ ಗುಮಾಸ್ತ ಹೊನ್ಮಾನಿಗೆ ವಿಷಯ ಹೇಳಿಟ್ಟಿದ್ದೇನೆ, ನನ್ನ ಕೈಗೇ ಕೊಡುತ್ತಾನೆ.

ಚಿಕ್ಕಪ್ಪ ತೊಕುಜಿ


ಕಾನಜಾವಾ
ಏಪ್ರಿಲ್ 25

ಚಿಕ್ಕಪ್ಪನವರಿಗೆ,

ಚಿಕ್ಕಮ್ಮನ ವಿಷಯ ಓದಿ ಆ ದಿನವಿಡೀ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅಪ್ಪ "ಸಣ್ಣ ಗಂಟು" ಅಂದಿದ್ದ. ಅಪ್ಪನಿಗೂ ಗೊತ್ತಂತೆ, ನಿನ್ನೆ ಕೇಳಿದರೆ ಒಪ್ಪಿಕೊಂಡ.

ನನ್ನ ಕಾರ್ಡನ್ನು ಒಬ್ಬರು ಪೂರ್ತಿ ಓದಿದ್ದಾರೆ ಎಂಬುದೇ ನನಗೆ ದೊಡ್ಡ ಸುದ್ದಿ. ನಾನಿರುವುದು ಸಂಶೋಧನೆಯ ಪ್ರಯೋಗಾಲಯದಲ್ಲಾದರೂ, ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು ಎಂದೇ ಅಮ್ಮ ಊರಿಗೆಲ್ಲ ಹೇಳಿಕೊಂಡಿದ್ದಾಳೆ. ಕೇಳಿದ್ದೀರಿ, ಆದ್ದರಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸೋಯಾ ಕಾಳಿನಲ್ಲಿ ಜೆನಿಸ್ಟೀನ್ ಎಂಬ ವಸ್ತು ಇದೆ. ನೋಡಲು ಹೆಣ್ಣಿನ ಹಾರ್ಮೋನಿನ ದೂರದ ಸಂಬಂಧಿ ಇದ್ದ ಹಾಗೆ. ಮನೆಯವನೇ ಎಂದು ಬಾಗಿಲು ತೆಗೆಯುತ್ತಾರೆ, ಒಳಗೆ ಬಂದು ಬೇರೆಯೇ ಕೆಲಸ ಮಾಡುತ್ತಾನೆ, ಅಂಥ ಸಂಬಂಧಿ. ಎದೆಯ ಕ್ಯಾನ್ಸರಿನ ಜೀವಕೋಶಗಳನ್ನು ನಾವು ಗಾಜಿನ ತಟ್ಟೆಯಲ್ಲಿ ಸಾಕುತ್ತೇವೆ. ದಿನ ಬಿಟ್ಟು ದಿನ ಊಟ ಕೊಡಬೇಕು, ಬೆಚ್ಚಗಿಡಬೇಕು, ಕೂಸುಗಳ ಹಾಗೆ. ಡಿಸೆಂಬರಿನಲ್ಲಿ ನಾನು ಅವಕ್ಕೆ ಜೆನಿಸ್ಟೀನ್ ಹಾಕಿದೆ. ನಾಲ್ಕನೇ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಬೆಳೆಯುವುದನ್ನು ನಿಲ್ಲಿಸಿದ್ದವು. ಮೂರು ಸಲ ಮಾಡಿದೆ, ಮೂರು ಸಲವೂ ನಿಂತವು. ಅಂಡಾಶಯದ, ಗರ್ಭಕೋಶದ ಕ್ಯಾನ್ಸರಿನ ಮೇಲೂ ಬೇರೆ ಊರುಗಳಲ್ಲಿ ನೋಡುತ್ತಿದ್ದಾರೆ. ನಮ್ಮ ಹೆಂಗಸರಿಗೆ ಅಮೆರಿಕದವರಿಗಿಂತ ಈ ರೋಗ ಕಡಿಮೆ ಬರುವುದಕ್ಕೆ ಈ ಕಾಳೂ ಒಂದು ಕಾರಣವಿರಬಹುದೇ ಎಂಬ ಮಾತೂ ಇದೆ.

ಇದು ತಟ್ಟೆಯಲ್ಲಿ ನಡೆದದ್ದು, ಮನುಷ್ಯರಲ್ಲಿ ಅಲ್ಲ ಎಂಬುದನ್ನು ಮರೆಯಬೇಡಿ. ಚಿಕ್ಕಮ್ಮನ ಮಾತ್ರೆ ತಪ್ಪಬಾರದು. ತೋಫು ತಿಂದರೆ ಏನೂ ಕೆಟ್ಟದಾಗದು ಎಂದುಕೊಂಡಿದ್ದೇನೆ.

ಅವರಿಗೆ ನಿಜ ಹೇಳಬಾರದೇ? ಇದು ನನ್ನ ಅಧಿಕಪ್ರಸಂಗ.

ಚಿಗುಸಾ


ತ್ಸುರುಓಕಾ
ಜೂನ್ 20

ಚಿಗುಸಾ,

ನಿನ್ನ ಕಾಗದವನ್ನು ಎಂಟು ಸಲ ಓದಿದೆ. ನಡುವಿನ ಭಾಗವನ್ನು ಹನ್ನೆರಡು ಸಲ. ಕಾಳು ನೆನೆಸಿ ರುಬ್ಬಿ ಕುದಿಸಿ ಹಿಂಡಿ ಮೂರು ತಲೆಮಾರು ಬೆನ್ನು ಬಗ್ಗಿಸಿದ ನಮಗೆ, ನಾವು ಲೋಕೋದ್ಧಾರ ಮಾಡುತ್ತಿದ್ದೇವೆ ಎಂದು ಯಾರೂ ಹೇಳಿರಲಿಲ್ಲ.

ಆದಕಾರಣ ಈ ಭಾನುವಾರ ಒಂದು ಪತ್ರಿಕೆ ಹುಟ್ಟಿದೆ. ಒಂದು ಪ್ರತಿ ಇಟ್ಟಿದ್ದೇನೆ. ಮಡಿಕೆಯಲ್ಲಿ ಹರಿದರೆ ಎಂದು ಇಲ್ಲೇ ನಕಲು ಮಾಡುತ್ತೇನೆ:

"ತೋಫು ಸಮಾಚಾರ. ಸಂಚಿಕೆ ಒಂದು, ಪುಟ ಒಂದು, ಸಂಪಾದಕ ಒಬ್ಬ. ಒಂದು ತೋಫು ಕೊಂಡವರಿಗೆ ಉಚಿತ, ಕೊಳ್ಳದವರು ನಿಂತು ಓದಬಹುದು. ಮುಖ್ಯ ಸುದ್ದಿ: ಹೆಂಗಸರ ಕ್ಯಾನ್ಸರಿಗೆ ನಮ್ಮ ಕಾಳೇ ಮದ್ದು. ಕಾನಜಾವಾದ ಖ್ಯಾತ ಸಂಶೋಧಕಿ ಡಾಕ್ಟರ್ ಕುರಾಮೊಚಿ ಚಿಗುಸಾ ಅವರ ತಟ್ಟೆಯಲ್ಲಿ ಕ್ಯಾನ್ಸರ್ ನಾಲ್ಕೇ ದಿನಕ್ಕೆ ಮೊಣಕಾಲೂರಿದೆ. ಮಾತ್ರೆ ಇಂಜೆಕ್ಷನ್ ಎಂದು ಅಲೆಯುವ ತಾಯಂದಿರೇ, ದಿನಕ್ಕೆ ಅರ್ಧ ತೋಫು ಸಾಕು. ಇಡಿ ತಿಂದರೆ ಸಂಪಾದಕರಿಗೆ ಸಂತೋಷ."

ದಿನಾ ಪೇಪರ್ ಓದಿ ಹೇಳುವ ಪದ್ಧತಿಯಂತೆ ಹಿಸಾನೊ ಬೆಳಿಗ್ಗೆ ನಾನು ಹಾಲು ಒಡೆಸುವಾಗ ಎದುರು ಕೂತು ಜೋರಾಗಿ ಓದಿದಳು. ಮುಗಿಸಿ, "ನಮ್ಮ ಚಿಗುಸಾ ಇಷ್ಟೆಲ್ಲ ಮಾಡ್ತಾಳಾ. ನಿಮ್ಮ ತೋಫುಗೆ ಇಷ್ಟು ಶಕ್ತಿ ಇದ್ಯಾ" ಅಂದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಅವಳು ನನ್ನ ತೋಫುವನ್ನು ಆ ದನಿಯಲ್ಲಿ ಹೊಗಳಿದ್ದು ಅದೇ ಮೊದಲು.

ಕ್ಯಾನ್ಸರ್ ಎಂಬ ಪದವನ್ನು ಅವಳು ತಡವರಿಸದೆ ಓದಿದಳು. ಅದು ಬೇರೆಯವರ ಮನೆಯ ಸುದ್ದಿ ಎಂಬಂತೆ. ನಾನು ಪಾತ್ರೆಯೊಳಗೆ ನೋಡುತ್ತಿದ್ದೆ.

ಸಂಪಾದಕ ತೊಕುಜಿ


ಕಾನಜಾವಾ
ಜುಲೈ 8

ಚಿಕ್ಕಪ್ಪನವರಿಗೆ,

ದಯವಿಟ್ಟು ಸಮಾಚಾರದಿಂದ ನನ್ನ ಹೆಸರು ತೆಗೆಯಿರಿ. ನಾನು ಡಾಕ್ಟರ್ ಅಲ್ಲ, ಸಹಾಯಕಿ. ಖ್ಯಾತಳೂ ಅಲ್ಲ. ಆ ಸುದ್ದಿಯನ್ನೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಇಲ್ಲಿ ಕೆಲಸ ಜಾಸ್ತಿ, ಹೆಚ್ಚು ಬರೆಯಲಾಗುತ್ತಿಲ್ಲ.

ಚಿಗುಸಾ


ತ್ಸುರುಓಕಾ
ಸೆಪ್ಟೆಂಬರ್ 3

ಚಿಗುಸಾ,

ಆಜ್ಞೆಯಂತೆ ಸಂಚಿಕೆ ಮೂರರಿಂದ ನಿನ್ನ ಹೆಸರು ತೆಗೆದು "ಹೆಸರು ಹೇಳಲೊಲ್ಲದ ಮಹಾ ವಿದುಷಿ" ಎಂದು ಹಾಕಿದ್ದೇನೆ. ವಿನಯ ನಮ್ಮ ವಂಶದಲ್ಲಿ ನಿನ್ನೊಬ್ಬಳಿಗೇ ಬಂದದ್ದು. ನಿನ್ನ ಅಪ್ಪನಿಗೂ ಇಲ್ಲ, ನನಗಂತೂ ಕೇಳಲೇಬೇಡ. ಮದುವೆ ಮಾತುಕತೆ ಏನಾದರೂ ನಡೆಯುತ್ತಿದೆಯೇ? ಗಂಡಿನ ಕಡೆಯವರು ತೋಫು ಅಂಗಡಿಯ ಸಂಬಂಧ ಎಂದು ಮೂಗು ಮುರಿಯುತ್ತಾರೆ ಎಂಬ ಭಯವಿದ್ದರೆ ನೇರವಾಗಿ ಹೇಳು, ಬೇಸರವಿಲ್ಲ.

ನಾಲ್ಕು ಮೊಳದ ಸಾಲು ನಿಲ್ಲುತ್ತಿದೆ ಅಂಗಡಿ ಮುಂದೆ. ಕ್ಷೌರದಂಗಡಿಯ ತೊಗಾಶಿಯ ಹೆಂಡತಿ ದಿನಾ ಒಂದು ಇಡಿ ತೋಫು ಒಯ್ಯುತ್ತಾಳೆ. ಊರಿಗೆ ಗರ್ಭಕೋಶದ ಪರೀಕ್ಷೆಯ ವ್ಯಾನು ಬಂದಾಗ, "ನನಗೇನೂ ಬೇಡ, ಕುರಾಮೊಚಿಯವರ ಗಿರಾಕಿ ನಾನು" ಅಂದಳಂತೆ. ಅದನ್ನು ಐದನೇ ಸಂಚಿಕೆಯಲ್ಲಿ ಹಾಕಿದೆ.

ಇನ್ನು ಮಹಾ ಸುದ್ದಿ. ನಿನ್ನ ಚಿಕ್ಕಮ್ಮನ ಸೆಕೆ ನಿಂತಿದೆ. ಜುಲೈ ಮೊದಲ ವಾರದಿಂದ ಪೂರ್ತಿ ನಿಂತಿದೆ. ನಡುಬೇಸಿಗೆಯಲ್ಲಿ, ಊರೆಲ್ಲ ಬೆವರುತ್ತಿರುವಾಗ, ಕಡಾಯಿಯ ಮುಂದೆ ಕೂತು ತೋಫು ಕರಿಯುತ್ತ ಅವಳೊಬ್ಬಳು ತಂಪಾಗಿದ್ದಾಳೆ. ರಾತ್ರಿ ಎದ್ದು ಅಂಗಿ ಬದಲಿಸುವುದಿಲ್ಲ. ಮೈಯೂ ತುಂಬಿಕೊಂಡಿದೆ, ಹಾಡು ಗುನುಗುತ್ತಾಳೆ. ಕಾಳು ಮಾಡಿದ್ದು ಎಂದು ಅವಳೇ ಹೇಳುತ್ತಾಳೆ. ಆರನೇ ಸಂಚಿಕೆಯಲ್ಲಿ "ಸಂಪಾದಕರ ಪತ್ನಿಯೇ ಸಾಕ್ಷಿ" ಎಂದು ಕೊಟ್ಟೆ. ಹೊರಗಿನ ಸೆಕೆ ನಿಂತ ಮೇಲೆ ಒಳಗಿನದ್ದೂ ಕರಗುತ್ತಿರಬೇಕು ಅಲ್ಲವೇ? ಒಂದೇ ಸಾಲು, ಹೌದು ಅಂತ ಬರೆದರೂ ಸಾಕು.

ಚಿಕ್ಕಪ್ಪ


ಕಾನಜಾವಾ
ಸೆಪ್ಟೆಂಬರ್ 7, ತುರ್ತು ಅಂಚೆ

ಚಿಕ್ಕಪ್ಪ,

ಆ ಮಾತ್ರೆ ಸೆಕೆ ತಡೆಯುವುದಲ್ಲ. ಸೆಕೆ ತರುವುದು. ಅದು ಹೆಣ್ಣಿನ ಹಾರ್ಮೋನು ಕ್ಯಾನ್ಸರನ್ನು ತಲುಪದ ಹಾಗೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ, ಆದ್ದರಿಂದಲೇ ಮೈ ಬಿಸಿಯಾಗುತ್ತದೆ. ಚಿಕ್ಕಮ್ಮನಿಗೆ ಮಾರ್ಚಿನಲ್ಲಿ ಸೆಕೆ ಬಂದದ್ದು ಮಾತ್ರೆಯಿಂದ. ಈಗ ನಿಂತಿದೆ ಎಂದರೆ ಅವರು ಮಾತ್ರೆ ನುಂಗುತ್ತಿಲ್ಲವೇನೋ. ಇವತ್ತೇ ಎಣಿಸಿ. ಅವರನ್ನು ಕೇಳಬೇಡಿ, ಎಣಿಸಿ.

ಏಪ್ರಿಲಿನ ನಿಮ್ಮ ಕಾಗದದಲ್ಲೇ ಸೆಕೆಯ ಮಾತಿತ್ತು. ಓದಿದ ಕೂಡಲೇ ನನಗೆ ಹೊಳೆಯಬೇಕಿತ್ತು. ನಾನು ನನ್ನ ತಟ್ಟೆಯ ಕಥೆ ಹೇಳುವ ಆತುರದಲ್ಲಿದ್ದೆ.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಕೋಶಗಳು ನಿಂತದ್ದು ನಾನು ಜೆನಿಸ್ಟೀನನ್ನು ಬಹಳ ಹಾಕಿದಾಗ. ಎಷ್ಟೆಂದರೆ ಮನುಷ್ಯರು ದಿನವಿಡೀ ತೋಫು ತಿಂದರೂ ರಕ್ತದಲ್ಲಿ ಅಷ್ಟು ಸೇರುವುದಿಲ್ಲ. ಸ್ವಲ್ಪವೇ ಹಾಕಿದ ತಟ್ಟೆಗಳೂ ಇದ್ದವು. ಅವುಗಳಲ್ಲಿ ಕೋಶಗಳು ನಿಲ್ಲಲಿಲ್ಲ. ಮೊದಲಿಗಿಂತ ಹೆಚ್ಚು ಬೆಳೆದವು. ಮೊದಲ ಸಲ ಕಂಡದ್ದು ಮಾರ್ಚಿನಲ್ಲಿ. ತಟ್ಟೆ ಕೆಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಜೂನಿನಲ್ಲಿ ಮತ್ತೆ ಮಾಡಿದಾಗಲೂ ಹಾಗೇ ಆಯಿತು. ಊಟದ ತೋಫು ಮನುಷ್ಯರ ಮೈಯಲ್ಲಿ ಏನು ಮಾಡುತ್ತದೆ, ಒಳ್ಳೆಯದೋ ಕೆಟ್ಟದ್ದೋ ಏನೂ ಇಲ್ಲವೋ, ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಮಾತ್ರೆಯ ಬಗ್ಗೆ.

ಮೊದಲು ಎಣಿಸಿ.

ಚಿಗುಸಾ


ತ್ಸುರುಓಕಾ
ಸೆಪ್ಟೆಂಬರ್ 19

ಚಿಗುಸಾ,

ನಿನ್ನ ಕಾಗದ ಗುರುವಾರ ಬಂತು. ಹಿಸಾನೊ ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿದ್ದಳು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಟೀ ಪುಡಿಯ ಹಿಂದೆ, ಹಳೆಯ ಟೀ ಡಬ್ಬದಲ್ಲಿ ಇದ್ದವು. ದಿನಾ ಬೆಳಿಗ್ಗೆ ಅವಳು ಕತ್ತರಿಯಿಂದ ಮಾತ್ರೆಯ ಪಟ್ಟಿ ಕತ್ತರಿಸುವ ಸದ್ದು ನಾನು ಕೇಳುತ್ತಿದ್ದೆ. ಕತ್ತರಿಸಿದ ಬೆಳ್ಳಿ ಬಣ್ಣದ ಚೂರುಗಳು, ಒಂದೊಂದರಲ್ಲಿ ಒಂದೊಂದು ಮಾತ್ರೆ. ಎಂಬತ್ತೊಂದು. ಲೆಕ್ಕ ಹಿಂದಕ್ಕೆ ಹಾಕಿದೆ. ಜೂನ್ ಇಪ್ಪತ್ತೊಂದಕ್ಕೆ ಹೋಗಿ ನಿಂತಿತು. ನನ್ನ ಪತ್ರಿಕೆ ಹುಟ್ಟಿದ ಮಾರನೆಯ ದಿನ.

ಈಗ ನಿನ್ನ ಚಿಕ್ಕಪ್ಪ ಎಂಥ ಗಂಡಸು ಎಂದು ಕೇಳು. ಅವಳು ಬರುವ ಹೊತ್ತಿಗೆ ಡಬ್ಬ ಮುಚ್ಚಿ ಮೇಲಿಟ್ಟು, ಏನೂ ಆಗದವನ ಹಾಗೆ ಕಾಳು ತೊಳೆಯುತ್ತ ನಿಂತಿದ್ದೆ. ಶುಕ್ರವಾರ ಬೆಳಿಗ್ಗೆ ಕತ್ತರಿಯ ಸದ್ದಾಯಿತು. "ಮಾತ್ರೆ ತಗೊಂಡ್ಯಾ?" ಅಂದೆ. "ಹೂಂ" ಅಂದಳು. ಇದಿಷ್ಟೇ ನನ್ನ ಪರಾಕ್ರಮ. ಶನಿವಾರ ಹಾಲು ಒಡೆಸುವ ಉಪ್ಪುನೀರನ್ನು ಎರಡು ಸಲ ಹಾಕಿದೆ, ತೋಫು ಇಟ್ಟಿಗೆಯಾಯಿತು. ಭಾನುವಾರ ಹಾಕುವುದನ್ನೇ ಮರೆತೆ. ಸೋಮವಾರ ಅವಳು, "ಆಸ್ಪತ್ರೆಗೆ ಹೋಗಬೇಕಾಗಿರೋದು ನೀವು" ಅಂದಳು. ಕಹಳೆ ಊದಿಕೊಂಡು ಹೊರಟರೆ ಬೀದಿಯ ಹೆಂಗಸರು ಪಾತ್ರೆ ಹಿಡಿದು ನಗುತ್ತ ಬರುತ್ತಿದ್ದರು. ಅವರ ಮುಖ ನೋಡಲಾಗದೆ ಆ ವಾರ ಊದುವುದನ್ನೇ ಬಿಟ್ಟೆ.

ಬುಧವಾರ ಅಂಗಡಿಗೆ ರಜೆ. ಹಿರಿಯರ ಗೌರವದ ದಿನ ಬೇರೆ. ಅವಳು ಹಿತ್ತಲಲ್ಲಿ ತೋಫು ಸುತ್ತುವ ಬಟ್ಟೆ ಒಗೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಏನ್ರೀ, ಟೀ ಡಬ್ಬ ಮುಟ್ಟಿದ್ರಾ?"

"ಇಲ್ವಲ್ಲ."

"ಮುಚ್ಚಳ ಉಲ್ಟಾ ಹಾಕಿದೀರಿ. ಈ ಮನೇಲಿ ಮುಚ್ಚಳ ಉಲ್ಟಾ ಹಾಕೋರು ನೀವೊಬ್ರೇ."

"ನೀನು ಮಾತ್ರೆ ಬಿಟ್ಟಿದೀಯ."

"ಬಿಟ್ಟೆ. ನೀವೇ ಬರ್ದಿದ್ರಲ್ಲ, ಅರ್ಧ ತೋಫು ಸಾಕು ಅಂತ. ಊರಿಗೆಲ್ಲ ಸಾಕಾಗೋದು ನನಗೆ ಸಾಕಾಗಲ್ವಾ? ಬಿಟ್ಟು ಹದಿನೈದು ದಿನಕ್ಕೆ ಸೆಕೆನೂ ಹೋಯ್ತು. ಆಸ್ಪತ್ರೆಯೋರಿಗೆ ವಾಪಸ್ ಕೊಡೋಣ ಅಂತ ಎತ್ತಿಟ್ಟಿದೀನಿ. ಡಾಕ್ಟ್ರಿಗೆ ಬೇಜಾರಾಗುತ್ತೆ ಅಂತ ನಿಮಗೆ ಹೇಳಲಿಲ್ಲ."

"ಅದು ಸೆಕೆ ಮಾತ್ರೆ ಅಲ್ಲ, ಹಿಸಾನೊ."

ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂರುವುದಕ್ಕೆ ನಾಚಿಕೆಯಾಯಿತು. ಗಂಟು ಏನು, ಡಾಕ್ಟರು ಕೇಳಿದ್ದು ಏನು, ನಾನು ಆರಿಸಿಕೊಟ್ಟ ಸುಳ್ಳು ಏನು, ಬಸ್ಸಿನಲ್ಲಿ ಹೇಳಿದ್ದು ಏನು, ಎಲ್ಲ. ಅವಳು ಒಗೆಯುವುದನ್ನು ನಿಲ್ಲಿಸಲಿಲ್ಲ. ಆ ಬಟ್ಟೆ ಆಗಲೇ ಸ್ವಚ್ಛವಾಗಿತ್ತು. ಮತ್ತೆ ನೀರು ಹಾಕಿ ಮತ್ತೆ ಹಿಂಡಿದಳು. ಆಮೇಲೆ ಕೇಳಿದಳು.

"ಯಾರ್ಯಾರಿಗೆ ಗೊತ್ತು?"

ಡಾಕ್ಟರು, ನರ್ಸು, ನಾನು, ಅಣ್ಣ, ಅತ್ತಿಗೆ, ಚಿಗುಸಾ ಅಂದೆ. ಇನ್ನೊಬ್ಬರನ್ನು ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ.

"ಹೊನ್ಮಾ."

"ಸಂಘದ ಗುಮಾಸ್ತ ಹೊನ್ಮಾನಾ?"

"ಹೂಂ."

"ನನ್ನ ಎದೆ ವಿಷಯ ಹೊನ್ಮಾನಿಗೆ ಗೊತ್ತು." ಬಟ್ಟೆ ಕೊಡವಿ ತಂತಿಗೆ ಹಾಕಿದಳು. "ಏಳು ಜನ. ಎಂಟನೆಯವಳು ನಾನು. ಹೋದ ತಿಂಗಳು ಅವನು ಬಂದು, 'ಚೆನ್ನಾಗಿದೀರಾ ಅಕ್ಕಾ' ಅಂತ ಎರಡು ಸಲ ಕೇಳಿದ. ಒಳ್ಳೇ ಹುಡುಗ, ಎರಡೆರಡು ಸಲ ಕೇಳ್ತಾನೆ ಅಂತ ಒಂದು ತೋಫು ಹೆಚ್ಚಿಗೆ ಕೊಟ್ಟೆ."

ನಾನು ಏನೋ ಹೇಳಲು ಹೋದೆ. ನಿನಗೆ ಭಯ ಆಗಬಾರದು ಅಂತ, ನಮ್ಮಲ್ಲಿ ಎಲ್ಲರೂ ಹೀಗೇ ಅಂತ.

"ನಾನೇನು ತೋಫುನೇನ್ರೀ, ಅಲುಗಾಡಿದ್ರೆ ಒಡೆಯುತ್ತೆ ಅಂತ ನೀರಲ್ಲಿ ಮುಳುಗಿಸಿ ಇಡೋಕೆ?"

ಒಳಗೆ ಹೋಗಿ ಡಬ್ಬ ತೆಗೆದು, ಒಂದು ಮಾತ್ರೆ ನುಂಗಿ, ನೀರು ಕುಡಿದಳು. ಬಾಯಿ ತೆರೆದು ತೋರಿಸಿದಳು, ಜೈಲಿನಲ್ಲಿ ತೋರಿಸುವ ಹಾಗೆ. ಆ ದಿನದಿಂದ ನನ್ನ ಜೊತೆ ಮಾತು ಕಾಳಿನ ಅಳತೆಗೆ, ಉಪ್ಪುನೀರಿನ ಅಳತೆಗೆ ಮಾತ್ರ.

ಸಮಾಚಾರದ ಏಳನೇ ಮತ್ತು ಕೊನೆಯ ಸಂಚಿಕೆ ನಿನ್ನೆ ಹೊರಬಿತ್ತು. "ಹಿಂದಿನ ಆರು ಸಂಚಿಕೆಗಳಲ್ಲಿ ಹೇಳಿದ್ದು ತಪ್ಪು. ತೋಫು ಊಟ, ಔಷಧವಲ್ಲ. ಆಸ್ಪತ್ರೆಯ ಮಾತ್ರೆ, ಪರೀಕ್ಷೆ ಯಾವುದನ್ನೂ ಯಾರೂ ಬಿಡಬೇಡಿ. ತಪ್ಪು ಸಂಪಾದಕನದು, ವಿದುಷಿಯದಲ್ಲ." ಇದರಲ್ಲಿ ತಮಾಷೆ ಹಾಕಲು ಕೈ ಬರಲಿಲ್ಲ. ಮನೆಮನೆಗೆ ಹೋಗಿ ಕೈಯಲ್ಲೇ ಕೊಟ್ಟು, ತಲೆ ಬಾಗಿಸಿ ಬಂದೆ. ಇಗರಾಶಿ ಅಜ್ಜಿ, "ಅದಕ್ಯಾಕೆ ಅಷ್ಟು ಬಗ್ತೀಯಪ್ಪ, ನಿನ್ನ ಪೇಪರ್ ನಾನು ಓದೇ ಇಲ್ಲ, ಒಲೆ ಹಚ್ಚೋಕೆ ಇಟ್ಟಿದೀನಿ" ಅಂದಳು. ಊರಿನಲ್ಲಿ ನನ್ನಿಂದ ಕೆಡದ ಒಬ್ಬಳೇ ಒಬ್ಬಳು ಓದುಗಿತ್ತಿ. ತೊಗಾಶಿಯ ಹೆಂಡತಿ ನಗಲಿಲ್ಲ. "ವ್ಯಾನು ಮತ್ತೆ ಬರೋದು ಮುಂದಿನ ವರ್ಷ" ಅಂದಳು. ಬಾಗಿಲಲ್ಲೇ ನಿಂತು, ನಾನೇ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅವಳ ಗಂಡನಿಗೆ ಮಾತು ಕೊಟ್ಟೆ. ಅವನು ಕತ್ತರಿ ಕೆಳಗಿಡದೆ ಕೇಳಿಸಿಕೊಂಡ.

ನಿನ್ನ ತಟ್ಟೆಯ ವಿಷಯಕ್ಕೆ ನಿನ್ನ ಮೇಲೆ ಕೋಪವಿಲ್ಲ. ನೀನು ಅರ್ಧ ಹೇಳಿದೆ, ನಾನು ಅದರಲ್ಲೂ ಅರ್ಧ ಓದಿದೆ.

ತೊಕುಜಿ


ಕಾನಜಾವಾ
ಸೆಪ್ಟೆಂಬರ್ 26

ಚಿಕ್ಕಪ್ಪನವರಿಗೆ,

ಈ ಸಲ ಸಂಘದ ಕಚೇರಿಗಲ್ಲ, ಅಂಗಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಒಳಗಿರುವ ಇನ್ನೊಂದು ಲಕೋಟೆ ಚಿಕ್ಕಮ್ಮನಿಗೆ. ನೀವು ಒಡೆಯಬಾರದು.

ಕೋಪವಿಲ್ಲ ಎಂದಿದ್ದೀರಿ. ಇದ್ದಿದ್ದರೆ ಚೆನ್ನಾಗಿತ್ತು. ಆರು ವರ್ಷದಿಂದ ಇಲ್ಲಿ ಬೇರೆಯವರ ತಟ್ಟೆ ತೊಳೆದಿದ್ದೇನೆ. ಈ ಕೋಶಗಳು ನಿಂತದ್ದು ನನ್ನದು ಎಂದು ಹೇಳಿಕೊಳ್ಳಬಹುದಾದ ಮೊದಲ ಕೆಲಸ. ಅದರ ಬಗ್ಗೆ ಮನೆಯವರಲ್ಲಿ ಕೇಳಿದವರು ನೀವೊಬ್ಬರೇ. ಆದ್ದರಿಂದ ಬೆಳೆದ ತಟ್ಟೆಯನ್ನು ಹಿಂದಿಟ್ಟು ನಿಂತ ತಟ್ಟೆಯನ್ನು ಮುಂದಿಟ್ಟೆ. ಜುಲೈನಲ್ಲಿ ಹೆಸರು ತೆಗೆಯಿರಿ ಎಂದು ಬರೆದಾಗಲೂ ಕಾರಣ ಬರೆಯಲಿಲ್ಲ. ಹೆಸರು ಹೋದರೆ ನಾನು ಕ್ಷೇಮ ಎಂದುಕೊಂಡೆ. ಅಷ್ಟು ಹೊತ್ತಿಗೆ ಚಿಕ್ಕಮ್ಮ ಹದಿನೆಂಟು ಮಾತ್ರೆ ಡಬ್ಬಕ್ಕೆ ಹಾಕಿದ್ದರು. ನಾನು ಒಂದು ಸಾಲು ಹೆಚ್ಚಿಗೆ ಬರೆದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು.

ನಮ್ಮ ಪ್ರೊಫೆಸರಿಗೆ ಎರಡೂ ತಟ್ಟೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬಹಳ ಹೊತ್ತು ನೋಡಿ, "ಬೆಳೆದದ್ದೇ ಮುಖ್ಯವಾದದ್ದು, ಮೊದಲೇ ಯಾಕೆ ತರಲಿಲ್ಲ?" ಅಂದರು. ಈಗ ಪ್ರಮಾಣ ಒಂದಿಷ್ಟೇ ಬದಲಿಸುತ್ತ ಮೊದಲಿನಿಂದ ಮಾಡುತ್ತಿದ್ದೇನೆ. ಕಾಳಿನ ಸಾರದಿಂದ ಔಷಧ ಒಂದು ದಿನ ಬಂದೀತು, ಬಾರದೆಯೂ ಇದ್ದೀತು. ಎರಡನ್ನೂ ಬರೆದಿಡುತ್ತೇನೆ.

ಚಿಕ್ಕಮ್ಮನ ಪ್ರಶ್ನೆ ಏನಿದ್ದರೂ ನನ್ನನ್ನೇ ಕೇಳಲಿ. ಉತ್ತರ ಅವರ ಹೆಸರಿಗೇ ಬರೆಯುತ್ತೇನೆ.

ಚಿಗುಸಾ


ತ್ಸುರುಓಕಾ
ನವೆಂಬರ್ 7

ಚಿಗುಸಾ,

ನೀನು ಅವಳಿಗೆ ಬರೆದ ಕಾಗದದಲ್ಲಿ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಓದಿ, ಮಡಿಸಿ, ಎಲ್ಲಿಟ್ಟಳೋ. ಹುಡುಕಲಿಲ್ಲ. ಹುಡುಕಲಿಲ್ಲ ಎಂದು ಹೆಮ್ಮೆಯಿಂದ ಬರೆಯುವ ಸ್ಥಿತಿಗೆ ಬಂದಿದ್ದೇನೆ ನೋಡು.

ಅಕ್ಟೋಬರಿನಲ್ಲಿ ಆಸ್ಪತ್ರೆಗೆ ಹೋದೆವು. ನರ್ಸು ರೂಢಿಯಂತೆ ಬಾಗಿಲು ತೆಗೆದು, "ಮನೆಯವರು ಮೊದಲು ಒಳಗೆ ಬನ್ನಿ" ಅಂದಳು. ಅರವತ್ತರ ಈ ಮುದುಕ ಅರ್ಧ ಎದ್ದಿದ್ದ. ಹಿಸಾನೊ ನನ್ನ ಭುಜ ಒತ್ತಿ ಕೂರಿಸಿ, ತನ್ನ ಕೈಚೀಲವನ್ನು ನನ್ನ ತೊಡೆಯ ಮೇಲಿಟ್ಟು, "ಇದನ್ನ ನೋಡ್ಕೊಳ್ಳಿ" ಅಂದು ತಾನೊಬ್ಬಳೇ ಒಳಗೆ ಹೋದಳು. ಇಪ್ಪತ್ತೈದು ನಿಮಿಷ. ಎದುರು ಬೆಂಚಿನಲ್ಲಿ ಇನ್ನೊಬ್ಬಳು ಹೆಂಗಸು ಕೂತಿದ್ದಳು, ಮಡಿಲಲ್ಲಿ ಗಂಡನ ಟೋಪಿ. ಗಂಡ ಪಕ್ಕದ ಕೋಣೆಯಿಂದ ಹೊರಬಂದು, "ಏನಿಲ್ಲವಂತೆ, ಸಣ್ಣದು" ಎಂದು ಅವಳಿಗೆ ಹೇಳಿದ. ಅವನ ಮುಖ ನೋಡಿದೆ. ಫೆಬ್ರವರಿಯಲ್ಲಿ ನನ್ನ ಮುಖ ಹೇಗಿತ್ತೆಂದು ಆಗ ಗೊತ್ತಾಯಿತು. ಎದ್ದು ಹೋಗಿ ಅವನ ತೋಳು ಹಿಡಿದು ಏನಾದರೂ ಹೇಳಬೇಕಿತ್ತು. ಕೈಚೀಲ ಹಿಡಿದು ಕೂತೇ ಇದ್ದೆ. ಆ ನಾಚಿಕೆ ಬೇರೆ.

ಡಾಕ್ಟರು ಹೇಳಿದ್ದರಲ್ಲಿ ಎಷ್ಟು ಹೇಳಬೇಕೋ ಅಷ್ಟನ್ನು ಅವಳು ಬಸ್ಸಿನಲ್ಲಿ ಹೇಳಿದಳು. ಈಗ ಹೊಸ ಗಂಟು ಕಾಣುತ್ತಿಲ್ಲ. ಮೂರು ತಿಂಗಳಿಗೊಮ್ಮೆ ನೋಡಬೇಕು. ಮಾತ್ರೆಯಿಲ್ಲದ ಆ ದಿನಗಳು ಏನಾದರೂ ಕೆಡಿಸಿದವೋ ಇಲ್ಲವೋ ಈಗ ಯಾರೂ ಹೇಳಲಾರರು. "ತೋಫು ತಿನ್ನಬಹುದಂತಾ?" ಎಂದು ಮೆಲ್ಲಗೆ ಕೇಳಿದೆ. "ಎಲ್ಲರ ಹಾಗೆ ತಿನ್ನಬಹುದಂತೆ. ಮೂರು ಹೊತ್ತೂ ತುರುಕಬಾರದು ಅನ್ನೋದು ನನ್ನ ಸೇರ್ಪಡೆ" ಅಂದಳು. ಸೆಕೆ ವಾಪಸ್ ಬಂದಿದೆ. ಬೆಳಗಿನ ಜಾವ ಅವಳು ಎದ್ದು ಕೂತಾಗ ಬೀಸಣಿಗೆ ಕೈಗೆ ಕೊಡುತ್ತೇನೆ. ತೆಗೆದುಕೊಳ್ಳುತ್ತಾಳೆ. ಮಾತಿಲ್ಲ. ಕಳೆದ ವಾರದಿಂದ ಒಮ್ಮೊಮ್ಮೆ, "ನೀವು ಮಲಗಿ" ಅನ್ನುತ್ತಾಳೆ.

ತೊಗಾಶಿಯ ಹೆಂಡತಿಯ ಪರೀಕ್ಷೆ ಆಯಿತು, ಏನೂ ಇಲ್ಲವಂತೆ. ಗಂಡ ನನ್ನ ಕೂದಲು ಕತ್ತರಿಸಲು ಒಪ್ಪಿದ್ದಾನೆ, ಆದರೆ ಈಗ ಹರಟೆಯಿಲ್ಲದೆ ಕತ್ತರಿಸುತ್ತಾನೆ.

ಈಗ ಕೇಳು. ನಿನ್ನ ಚಿಕ್ಕಮ್ಮ ಬರುವ ಶನಿವಾರ ಕಾನಜಾವಾಕ್ಕೆ ಬರುತ್ತಾಳೆ. ನಾನೂ ಬರಲೇ ಅಂದೆ. "ಅಂಗಡಿ ಯಾರು ನೋಡ್ತಾರೆ" ಅಂದಳು. ಅದು ಅಂಗಡಿಯ ಮಾತಲ್ಲ ಎಂದು ಇಬ್ಬರಿಗೂ ಗೊತ್ತು. ನಿನ್ನ ತಟ್ಟೆಗಳನ್ನು ಅವಳು ಕಣ್ಣಾರೆ ನೋಡಬೇಕಂತೆ. ನಿಂತದ್ದನ್ನೂ, ಬೆಳೆದದ್ದನ್ನೂ. "ನನ್ನ ಮೈಯಲ್ಲಿದ್ದದ್ದು ಹೇಗಿರುತ್ತೆ ಅಂತ ಏಳು ಜನರಲ್ಲಿ ಅವಳೊಬ್ಬಳೇ ನೋಡಿರೋದು" ಅಂದಳು. ನೀನು ಏನನ್ನೂ ಹಿಂದಿಡಬೇಡ. ಅವಳು ಕೇಳಿದ್ದಕ್ಕೆಲ್ಲ ಹೇಳು, ಕೇಳದೆ ಇದ್ದರೆ ಸುಮ್ಮನೆ ಪಕ್ಕದಲ್ಲಿ ನಿಂತಿರು. ಆ ಮೇಲೆ ಅವಳು ಏನೆಂದಳು ಎಂದು ನನಗೆ ಬರೆಯಬೇಡ. ಹೇಳಬೇಕು ಅನ್ನಿಸಿದರೆ ಅವಳೇ ಹೇಳುತ್ತಾಳೆ.

ಒಂದು ಸಣ್ಣ ಕೆಲಸ ಮಾತ್ರ ಮಾಡಿಕೊಡು. ನಿನ್ನ ಪ್ರಯೋಗಕ್ಕೆ ಅಂಗಡಿಯ ಕಾಳೇ ಆಗಬೇಕೆಂದು ಹಟ ಹಿಡಿದು ಚೀಲಕ್ಕೆ ಐದು ಕಿಲೋ ತುಂಬಿದ್ದಾಳೆ. ಆಪರೇಷನ್ ಆದ ಕಡೆಯ ಬಲಗೈಯಲ್ಲಿ ಭಾರ ಎತ್ತಬಾರದಂತೆ, ಎತ್ತಿದರೆ ತೋಳು ಊದಿಕೊಳ್ಳುತ್ತದಂತೆ. ಇದನ್ನು ಡಾಕ್ಟರು ಅವಳಿಗೆ ಹೇಳಿದ್ದು, ಅವಳು ನನಗೆ ಹೇಳಿದ್ದು. ಇಲ್ಲಿ ನಾನು ಹತ್ತಿಸಿ ಮೇಲಿಡುತ್ತೇನೆ. ರೈಲು ನಿಮ್ಮಲ್ಲಿಗೆ ಬರುವುದು ಮಧ್ಯಾಹ್ನ ಮೂರರ ಸುಮಾರಿಗೆ, ಅವಳದು ನಾಲ್ಕನೇ ಬೋಗಿ, ಕಿಟಕಿ ಪಕ್ಕ. ನೀನು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತ ನಿಲ್ಲಬೇಡ, ರೈಲು ನಿಂತ ಕೂಡಲೇ ಒಳಗೆ ಹತ್ತಿ, ಅವಳು ಏಳುವುದಕ್ಕೆ ಮೊದಲೇ ಚೀಲ ಕೆಳಗಿಳಿಸಿ ನೀನೇ ಹಿಡಿದುಕೋ. "ಏನಿಲ್ಲ ಬಿಡು, ಹಗುರ ಇದೆ" ಅನ್ನುತ್ತಾಳೆ. ಕೊಡಬೇಡ.

ತೊಕುಜಿ